ಅರೆಕೆರೆಯ ಮೇಜಿಗೆ ಯಾವ ಡಿ ಅಂಡ್ ಡಿ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವ ನಾಲ್ವರು ಒಂದೆಡೆ ಸೇರಿದರೆ ಆಟಕ್ಕಿಂತ ಮೊದಲು ಶುರುವಾಗುವುದು ಆವೃತ್ತಿಯ ವಾದ. 1974ರಲ್ಲಿ ಹುಟ್ಟಿದ ಈ ಆಟ ಮತ್ತೆ ಮತ್ತೆ ರೂಪ ಬದಲಿಸಿದೆ. ಒಂದೊಂದು ರೂಪಕ್ಕೂ ಇದೇ ನಿಜವಾದ ಆಟ ಎಂದು ನಂಬಿದ ಬಳಗವಿದೆ. ಅಂಗಡಿಯಲ್ಲಿ ಈಗ ಸಿಗುವುದು 2014ರ ಐದನೆಯ ಆವೃತ್ತಿ ಮತ್ತು ಅದನ್ನೇ ತಿದ್ದಿ ಹೊರತಂದ 2024ರ ಪುಸ್ತಕಗಳು. ಅವು ಚೆನ್ನಾಗಿವೆ, ದಪ್ಪವಾಗಿವೆ, ಬಣ್ಣದ ಚಿತ್ರಗಳಿಂದ ತುಂಬಿವೆ. ಆದರೂ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಈ ಮಗ್ಗುಲ ಅರೆಕೆರೆಯಲ್ಲಿ ಭಾನುವಾರ ಸಂಜೆ ಊಟದ ಮೇಜು ಒರೆಸಿ ದಾಳ ಹರಡುವ ನಮ್ಮಂಥವರು ನಲವತ್ತು ವರ್ಷಕ್ಕೂ ಹಳೆಯ ನಿಯಮಗಳನ್ನು ಹಿಡಿದು ಕೂತಿದ್ದೇವೆ. ಹಳೆಯ ಆವೃತ್ತಿಗಳಲ್ಲಿ ಯಾವುದು ಒಳ್ಳೆಯದು, ಯಾರಿಗೆ, ಏಕೆ ಎಂದು ಒಮ್ಮೆ ಪೂರ್ತಿಯಾಗಿ ನೋಡಬೇಕೆಂಬುದು ಈ ಲೇಖನದ ಆಸೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕನ್ನಡದಲ್ಲಿ ಮಾತಾಡಿಕೊಂಡು, ವಾರಕ್ಕೊಮ್ಮೆ ಮೂರು ಗಂಟೆ ಸಿಕ್ಕರೆ ಅದೇ ಹೆಚ್ಚು ಎನ್ನುವವರಿಗೆ 1981ರ ತೆಳು ಪುಸ್ತಕಗಳನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಅವರು ಒಂದು ಲೋಕವನ್ನು ಮನಸ್ಸಿನಲ್ಲೂ ಕಾಗದದ ಮೇಲೂ ಕಟ್ಟಿಕೊಂಡಿರುತ್ತಾರೆ: ಪಾಳುಬಿದ್ದ ಕೋಟೆ, ಅದರಡಿಯ ಸುರಂಗ, ಅಲ್ಲಿ ವಾಸಿಸುವವರು, ಹೂತಿಟ್ಟ ಹೊನ್ನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಡಿಎಂ ಕಂಡದ್ದನ್ನು ಹೇಳುತ್ತಾರೆ, ಆಟಗಾರರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಫಲಿತಾಂಶ ಅನುಮಾನವಾದಾಗ ದಾಳ ಉರುಳುತ್ತದೆ. ಗೆದ್ದವರು ಸೋತವರು ಎಂದಿಲ್ಲ. ಕಥೆ ಈ ವಾರ ನಿಂತಲ್ಲಿಂದ ಮುಂದಿನ ವಾರ ಮುಂದುವರಿಯುತ್ತದೆ.

ಬೆಂಗಳೂರಿನ ಬಹಳ ಮಂದಿಗೆ ಇದರ ಪರಿಚಯವಾದದ್ದು ಪುಸ್ತಕದಿಂದಲ್ಲ. ಒಂದು ತಲೆಮಾರು 1998ರ ‘ಬಾಲ್ಡರ್ಸ್ ಗೇಟ್’, 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಎಂಬ ಕಂಪ್ಯೂಟರ್ ಆಟಗಳಿಂದ ಬಂದಿತು. ಅವೆರಡೂ ಆಗ ಚಾಲ್ತಿಯಲ್ಲಿದ್ದ ಎರಡನೆಯ ಆವೃತ್ತಿಯ ನಿಯಮಗಳ ಮೇಲೆ ನಿಂತವು. ಇನ್ನೊಂದು ತಲೆಮಾರು 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ಮೇಜಿನ ಸುತ್ತ ಕೂತು ದಾಳ ಎಸೆಯುವುದನ್ನು ನೋಡಿ ಬಂದಿತು. ಆ ಕಥೆ ನಡೆಯುವುದು 1983ರಲ್ಲಿ. ಹಾಗಾಗಿ ಹೊಸಬರು ಹೊಸ ಪುಸ್ತಕ ಕೊಂಡರೂ ಅವರ ಮನಸ್ಸಿನಲ್ಲಿದ್ದ ಚಿತ್ರ ಹಳೆಯ ಆಟದ್ದು. ಕೊಂಡ ಪುಸ್ತಕಕ್ಕೂ ಮನಸ್ಸಿನ ಚಿತ್ರಕ್ಕೂ ಇರುವ ಅಂತರ ಕಂಡಾಗ ಕೆಲವರು ಹಿಂದಕ್ಕೆ ನಡೆದು ಹಳೆಯದನ್ನು ಹುಡುಕತೊಡಗಿದರು.

ಹಿಂದಕ್ಕೆ ನಡೆದರೆ ಕೊನೆಗೆ ಸಿಗುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರು. ಗ್ಯಾರಿ ಗೈಗ್ಯಾಕ್ಸ್ ಅಲ್ಲಿಯವರು. ಸೈನ್ಯದ ಗೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ ಯುದ್ಧದ ಆಟ ಆಡುವವರ ಬಳಗ ಅವರದು. 1971ರಲ್ಲಿ ಅವರು ಜೆಫ್ ಪೆರೆನ್ ಜೊತೆ ಸೇರಿ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದ ನಿಯಮಪುಸ್ತಕ ತಂದರು. ಅದರ ಕೊನೆಯಲ್ಲಿ ಮಾಂತ್ರಿಕರು, ಡ್ರಾಗನ್‌ಗಳು ಇದ್ದ ಒಂದು ಅನುಬಂಧವಿತ್ತು. ಪಕ್ಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬುವರು 1969ರಲ್ಲೇ ಒಂದು ಹೊಸ ಪ್ರಯೋಗ ಮಾಡಿದ್ದರು. ಆಟಗಾರರಿಗೆ ಸೈನ್ಯ ಕೊಡದೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಮನುಷ್ಯನ ಪಾತ್ರ ಕೊಟ್ಟರು. ಅಲ್ಲಿ ಆಡಿದ ಡೇವ್ ಆರ್ನೆಸನ್ ಅದನ್ನು ನೆಲಮಾಳಿಗೆಯ ಸುರಂಗಗಳಿಗೆ ಇಳಿಸಿ ‘ಬ್ಲ್ಯಾಕ್‌ಮೂರ್’ ಎಂಬ ಲೋಕ ಕಟ್ಟಿದರು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಇಬ್ಬರ ಕೆಲಸ ಕೂಡಿ 1974ರ ಜನವರಿಯಲ್ಲಿ ಟಿಎಸ್‌ಆರ್ ಎಂಬ ಪುಟ್ಟ ಸಂಸ್ಥೆಯಿಂದ ಒಂದು ಪೆಟ್ಟಿಗೆ ಹೊರಬಂತು. ಒಳಗೆ ಮೂರು ಕಿರುಪುಸ್ತಕ. ಬೆಲೆ 10 ಡಾಲರ್. ಮೊದಲ ಮುದ್ರಣ 1,000 ಪ್ರತಿ.

ಈ ಮೊದಲ ಆವೃತ್ತಿಯನ್ನು ಪ್ರೀತಿಸುವವರು ಈಗಲೂ ಇದ್ದಾರೆ, ಮತ್ತು ಅವರ ಪ್ರೀತಿಗೆ ಕಾರಣವಿದೆ. ಪಾತ್ರಗಳು ಮೂರೇ ಬಗೆ: ಯೋಧ, ಮಾಂತ್ರಿಕ, ಅರ್ಚಕ. ಕಳ್ಳ ಬಂದದ್ದು ಮರುವರ್ಷದ ‘ಗ್ರೇಹಾಕ್’ ಪುರವಣಿಯಲ್ಲಿ. ಕತ್ತಿ ಹಿಡಿದರೂ ಕಠಾರಿ ಹಿಡಿದರೂ ಪೆಟ್ಟಿನ ಲೆಕ್ಕಕ್ಕೆ ಆರು ಮುಖದ ಒಂದೇ ದಾಳ. ಕಾಡುಮೇಡು ಅಲೆಯಲು ಬೇರೊಂದು ಕಂಪನಿಯ ‘ಔಟ್‌ಡೋರ್ ಸರ್ವೈವಲ್’ ಎಂಬ ಆಟದ ಹಲಗೆ ತಂದಿಟ್ಟುಕೊಳ್ಳಿ ಎಂದು ಪುಸ್ತಕವೇ ಹೇಳುತ್ತದೆ. ಅರ್ಧ ಮಾತು ಹೇಳಿ ಉಳಿದರ್ಧ ಆಡುವವರಿಗೆ ಬಿಟ್ಟ ಬರವಣಿಗೆ ಅದು. ಓದಿದವರೆಲ್ಲ ತಮ್ಮ ತಮ್ಮ ಆಟವನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಕ್ಯಾಲಿಫೋರ್ನಿಯದಲ್ಲೊಂದು ಬಗೆ, ಬಾಸ್ಟನ್ನಿನಲ್ಲಿ ಇನ್ನೊಂದು. ಆದರೆ ಮೊದಲ ಸಲ ಆಡುವವರಿಗೆ ಈ ಪುಸ್ತಕ ಕೊಡುವುದು ಸಲ್ಲ. ಯುದ್ಧದ ಆಟಗಳನ್ನು ಆಡಿ ಪಳಗಿದವರಿಗಾಗಿ ಬರೆದದ್ದು, ಆ ಪಳಗಿಕೆ ನಮ್ಮಲ್ಲಿ ಬೆಳೆದಿಲ್ಲ.

ಹೊಸಬರಿಗೆ ಅರ್ಥವಾಗುವಂತೆ ಬರೆಯಬೇಕೆಂದು ಮೊದಲು ಹೊರಟವರು ಎರಿಕ್ ಹೋಮ್ಸ್, ವೃತ್ತಿಯಿಂದ ನರರೋಗದ ವೈದ್ಯರು. 1977ರ ಅವರ ನೀಲಿ ಹೊದಿಕೆಯ ಪುಸ್ತಕದಲ್ಲಿ ಅನುಭವ ಕೂಡಿದಂತೆ ಪಾತ್ರಗಳು ಏರುವ ಹಂತಗಳಲ್ಲಿ ಮೂರನೆಯದರವರೆಗಿನ ಆಟವಷ್ಟೇ ಇದೆ. ಅದೇ ವರ್ಷ ಟಿಎಸ್‌ಆರ್ ಎರಡು ದಾರಿ ಹಿಡಿಯಿತು: ಒಂದು ಸರಳವಾದ ‘ಬೇಸಿಕ್’, ಇನ್ನೊಂದು ‘ಅಡ್ವಾನ್ಸ್ಡ್’. ಹಳೆಯ ಆವೃತ್ತಿಗಳ ಎಲ್ಲ ವಾದವೂ ಈ ಕವಲಿನಿಂದ ಶುರು.

1981ರಲ್ಲಿ ಟಾಮ್ ಮೋಲ್ಡ್‌ವೇ ಬೇಸಿಕ್ ಪುಸ್ತಕವನ್ನು ಹೊಸದಾಗಿ ಬರೆದರು. ಅದರ ಬೆನ್ನಿಗೇ ಡೇವಿಡ್ ಕುಕ್ ಮತ್ತು ಸ್ಟೀವ್ ಮಾರ್ಷ್ ‘ಎಕ್ಸ್‌ಪರ್ಟ್’ ತಂದರು. ಒಂದೊಂದೂ 64 ಪುಟ. ಮೊದಲನೆಯದರಲ್ಲಿ 1ರಿಂದ 3ನೆಯ ಹಂತ, ಎರಡನೆಯದರಲ್ಲಿ 14ರವರೆಗೆ. ಎರಡೂ ಸೇರಿ ನೂರಿಪ್ಪತ್ತೆಂಟು ಪುಟಗಳಲ್ಲಿ ವರ್ಷಗಟ್ಟಲೆ ಆಡುವ ಆಟವಿದೆ. ಆಗಿನ ದಾಳಗಳ ಅಂಕಿಗಳಿಗೆ ಬಣ್ಣ ತುಂಬಿರುತ್ತಿರಲಿಲ್ಲ. ಉಜ್ಜಿ ತುಂಬಿಕೊಳ್ಳಲು ಪೆಟ್ಟಿಗೆಯಲ್ಲೇ ಒಂದು ಮೇಣದ ಬಳಪ ಇಟ್ಟಿದ್ದರು.

ಈ ಪುಸ್ತಕದ ಹೆಚ್ಚುಗಾರಿಕೆ ಗೊತ್ತಾಗಬೇಕಾದರೆ ಅದರ ಲೆಕ್ಕವನ್ನು ಒಂದಿಷ್ಟು ನೋಡಬೇಕು. ಪಾತ್ರವೊಂದನ್ನು ಹುಟ್ಟಿಸಲು ಮೂರು ದಾಳವನ್ನು ಆರು ಸಲ ಎಸೆಯುತ್ತೀರಿ. ಬಲ, ಬುದ್ಧಿ, ವಿವೇಕ, ಚುರುಕು, ತಾಳಿಕೆ, ವರ್ಚಸ್ಸು ಹೀಗೆ ಬಂದದ್ದು ಬಂದ ಕ್ರಮದಲ್ಲಿ. ಹತ್ತು ನಿಮಿಷದಲ್ಲಿ ಪಾತ್ರ ಸಿದ್ಧ. ಮಾಂತ್ರಿಕನ ಜೀವಬಲ ನಾಲ್ಕು ಮುಖದ ದಾಳದಲ್ಲಿ ಬಿದ್ದಷ್ಟು, ಅವನಿಗೆ ದಿನಕ್ಕೆ ಒಂದೇ ಮಂತ್ರ. ಜೀವಬಲ ಸೊನ್ನೆಗಿಳಿದರೆ ಸಾವು. ಇಡೀ ದಿನ ವಿಶ್ರಮಿಸಿದರೆ ಮರಳಿ ಬರುವುದು 1ರಿಂದ 3 ಅಂಕ. ಸುರಂಗದಲ್ಲಿ ಕಾಲವನ್ನು ಹತ್ತು ನಿಮಿಷದ ಸರದಿಗಳಲ್ಲಿ ಎಣಿಸುತ್ತಾರೆ. ದೀವಟಿಗೆ ಆರು ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ಡಿಎಂ ಆರು ಮುಖದ ದಾಳ ಎಸೆಯುತ್ತಾರೆ, ಒಂದು ಬಿದ್ದರೆ ಕತ್ತಲಿನಿಂದ ಏನೋ ಬರುತ್ತಿದೆ ಎಂದರ್ಥ. ಬಂದದ್ದು ಮೇಲೆ ಬಿದ್ದೇ ತೀರಬೇಕೆಂದಿಲ್ಲ. ಎರಡು ದಾಳ ಎಸೆದು ಅದರ ಮನಸ್ಸು ಹೇಗಿದೆ ಎಂದು ನೋಡುತ್ತಾರೆ: 2 ಬಂದರೆ ಕೂಡಲೇ ಆಕ್ರಮಣ, 12 ಬಂದರೆ ಸ್ನೇಹ, ನಡುವೆ ಬಿದ್ದರೆ ಮಾತಿಗೆ ಅವಕಾಶ. ಕಾದಾಟ ಬಿರುಸಾದಾಗ ಎದುರಾಳಿಗಳು ಎದೆಗುಂದಿ ಓಡಿಹೋಗಲೂಬಹುದು, ಅದಕ್ಕೂ ದಾಳವಿದೆ.

ಇವೆಲ್ಲಕ್ಕೂ ಕೀಲಿಕೈ ಒಂದು ನಿಯಮ: ಹೊರಗೆ ತಂದ ಒಂದು ಹೊನ್ನಿನ ನಾಣ್ಯಕ್ಕೆ ಒಂದು ಅನುಭವದ ಅಂಕ. ಯೋಧ ಎರಡನೆಯ ಹಂತಕ್ಕೇರಲು 2,000 ಅಂಕ ಬೇಕು. ಗಾಬ್ಲಿನ್ ಎಂಬ ಎದುರಾಳಿಯೊಬ್ಬನನ್ನು ಕೊಂದರೆ ಸಿಗುವುದು 5. ಅವನು ಕಾಯುತ್ತಿರುವ ನೂರು ನಾಣ್ಯಗಳ ಗಂಟು ಎತ್ತಿಕೊಂಡು ಬಂದರೆ 100. ಅಂದರೆ ಕೊಲ್ಲುವುದರಲ್ಲಿ ಲಾಭವಿಲ್ಲ. ಉಪಾಯ ಮಾಡಿ, ಮಾತಾಡಿ, ಲಂಚ ಕೊಟ್ಟು, ಹಿಂಬಾಗಿಲು ಹುಡುಕಿ, ಒಂದು ಗುಂಪನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ ಹೊನ್ನು ತರುವವರು ಬದುಕುತ್ತಾರೆ. ಮುಂದೆ ನುಗ್ಗಿ ಕತ್ತಿ ಬೀಸಿದವರು ಹೊಸ ಪಾತ್ರ ಬರೆದುಕೊಳ್ಳುತ್ತಾರೆ. ಪುಸ್ತಕ ಎಲ್ಲೂ ಉಪದೇಶ ಮಾಡುವುದಿಲ್ಲ, ಲೆಕ್ಕವೇ ಪಾಠ ಹೇಳುತ್ತದೆ. ನಂತರದ ಆವೃತ್ತಿಗಳಲ್ಲಿ ಕೊಂದದ್ದಕ್ಕೆ ಅಂಕ ಹೆಚ್ಚಿತು, ಹೊನ್ನಿಗೆ ಅಂಕ ಇಲ್ಲವಾಯಿತು. ಅದರೊಂದಿಗೆ ಮೇಜಿನ ಮೇಲಿನ ಮಾತೂ ಬದಲಾಯಿತು. ಏನು ಮಾಡೋಣ ಎಂಬ ಚರ್ಚೆ ಕುಗ್ಗಿ, ಯಾವ ಶಕ್ತಿ ಬಳಸೋಣ ಎಂಬುದು ಹಿಗ್ಗಿತು.

ಇಲ್ಲಿ ನಮ್ಮ ನೆಲದ ಒಂದು ಕಲೆಯನ್ನು ನೆನೆಯದೆ ಮುಂದೆ ಹೋಗಲಾರೆ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ, ಈಗ ಅಲ್ಲಿಂದ ಬಂದು ನೆಲೆಸಿದವರ ದೆಸೆಯಿಂದ ಬೆಂಗಳೂರಿನಲ್ಲೂ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಅರ್ಥಧಾರಿಗಳು ಕೂತೇ ಪಾತ್ರವಾಗುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಆ ಪದ್ಯದ ಆಧಾರದ ಮೇಲೆ ವಾಲಿಯೋ ರಾವಣನೋ ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ತನ್ನ ಪಕ್ಷ ಮಂಡಿಸುತ್ತಾನೆ. ಎದುರಿನವರು ಏನು ಕೇಳುತ್ತಾರೆಂದು ಮುಂಚೆ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದವರಿಗೆ, ಒಂದು ಪುಟದ ಪದ್ಯಗಳ ಮೇಲೆ ಒಂದು ರಾತ್ರಿಯ ಮಾತು ಹೇಗೆ ನಿಲ್ಲುತ್ತದೆ ಎಂದು ವಿವರಿಸಬೇಕಿಲ್ಲ. ಪದ್ಯ ಬಿಗಿ, ಮಾತು ಬಯಲು. ಭಾಗವತರ ಕೈಯಲ್ಲಿ ಓಟದ ಲಗಾಮು. ಪಾತ್ರವನ್ನು ಮಾತಿನಿಂದಲೇ ಕಟ್ಟುವ ಈ ಕಲೆ ನಮ್ಮಲ್ಲಿ ಇಷ್ಟು ಬೆಳೆದಿರುವಾಗ, ಹಳೆಯ ಡಿ ಅಂಡ್ ಡಿಯ ತೆಳು ನಿಯಮಗಳು ನಮಗೆ ಕೊರತೆಯಾಗಿ ಕಾಣಬೇಕಾಗಿಲ್ಲ. ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು: ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ವಾಲಿ ಬಾಣಕ್ಕೆ ಬೀಳಲೇಬೇಕು, ದಾಳದ ಆಟದಲ್ಲಿ ಕೊನೆ ಡಿಎಂಗೂ ಗೊತ್ತಿರುವುದಿಲ್ಲ. ಆದರೆ ಎರಡರ ರುಚಿಯೂ ಒಂದೆಡೆ ಕೂಡುತ್ತದೆ. ಸಿಕ್ಕಿಕೊಂಡ ಪಾತ್ರ ಮಾತಿನ ಬಲದಿಂದ ಏನು ದಾರಿ ಮಾಡಿಕೊಳ್ಳುತ್ತದೆ ಎಂದು ಕಾಯುವ ರುಚಿ ಅದು.

ನಮ್ಮ ಮೇಜಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಐದನೆಯ ಆವೃತ್ತಿ ಆಡುವಾಗ ಎಲ್ಲರ ಕಣ್ಣು ಪಾತ್ರದ ವಿವರ ಬರೆದ ಹಾಳೆಯ ಮೇಲೆ. ಹಾಳೆಯಲ್ಲಿರುವುದೆಲ್ಲ ಇಂಗ್ಲಿಷ್, ಹಾಗಾಗಿ ಮಾತೂ ಇಂಗ್ಲಿಷಿಗೆ ಜಾರುತ್ತಿತ್ತು. 1981ರ ಹಾಳೆಯಲ್ಲಿ ಓದಲು ಏನೂ ಇಲ್ಲ. “ಬಾಗಿಲಿಗೆ ಕಿವಿ ಕೊಡ್ತೀನಿ”, “ಹಗ್ಗ ಕಂಬಕ್ಕೆ ಕಟ್ಟಿ ಇಳೀತೀನಿ”, “ಅಣ್ಣಾ, ನಿಮ್ಮ ಒಡೆಯನಿಗೆ ನಾವು ಸುದ್ದಿ ತಂದಿದೀವಿ ಅಂತ ಕಾವಲಿನವನಿಗೆ ಹೇಳ್ತೀನಿ” ಎನ್ನುವಾಗ ನಿಯಮಪುಸ್ತಕದ ಪದ ಒಂದೂ ಬೇಕಾಗುವುದಿಲ್ಲ. ಅರೆಕೆರೆಯಂಥ ಊರಿನಲ್ಲಿ ಮೇಜಿನ ಸುತ್ತ ತಮಿಳು, ತೆಲುಗು, ಹಿಂದಿ ಮನೆಮಾತಿನವರೂ ಇರುತ್ತಾರೆ. ಕನ್ನಡ ಕಲಿಯುತ್ತಿರುವವರಿಗೆ ಈ ಆಟದಷ್ಟು ಮಾತಾಡಿಸುವ ತರಗತಿ ಇಲ್ಲ.

ಬೇಸಿಕ್‌ನ ಮರುರೂಪವಾದ 1983ರ ಕೆಂಪು ಪೆಟ್ಟಿಗೆಯನ್ನು ಹೆಚ್ಚು ಜನ ಪ್ರೀತಿಸುತ್ತಾರೆ, ಸರಿಯಾಗಿಯೇ. ಫ್ರಾಂಕ್ ಮೆಂಟ್ಜರ್ ಬರೆದ ಈ ರೂಪದ ಮುಖಪುಟದಲ್ಲಿ ಲ್ಯಾರಿ ಎಲ್ಮೋರ್ ಬಿಡಿಸಿದ ಕೆಂಪು ಡ್ರಾಗನ್ ಎಗರಿ ಬರುತ್ತದೆ. ಒಳಗೆ, ಯಾರ ಸಹಾಯವೂ ಇಲ್ಲದೆ ಒಬ್ಬರೇ ಕೂತು ಓದುತ್ತಾ ಆಟ ಕಲಿಯುವ ಕಥೆಯಿದೆ. ಅಲೀನಾ ಎಂಬ ಅರ್ಚಕಿ ಆ ಕಥೆಯಲ್ಲಿ ನಿಮ್ಮ ಜೊತೆಗೂಡುತ್ತಾಳೆ, ಬಾರ್ಗಲ್ ಎಂಬ ದುಷ್ಟ ಮಾಂತ್ರಿಕನ ಕೈಯಲ್ಲಿ ಸಾಯುತ್ತಾಳೆ. ಆಟ ಕಲಿಸುತ್ತಲೇ ಆಟದಲ್ಲಿ ಕಳೆದುಕೊಳ್ಳುವುದೆಂದರೇನು ಎಂದು ತೋರಿಸಿದ ಬರವಣಿಗೆ ಅದು. ಕಲಿಸುವುದರಲ್ಲಿ ಮೆಂಟ್ಜರ್, ಆಡುತ್ತಾ ಹುಡುಕಿ ನೋಡುವುದರಲ್ಲಿ ಮೋಲ್ಡ್‌ವೇ. ನನ್ನ ತೀರ್ಮಾನ ಅಷ್ಟೇ. ಮುಂದೆ ‘ಕಂಪ್ಯಾನಿಯನ್’ (1984), ‘ಮಾಸ್ಟರ್’ (1985), ‘ಇಮ್ಮಾರ್ಟಲ್ಸ್’ (1986) ಎಂದು ಪೆಟ್ಟಿಗೆಗಳು ಬೆಳೆಯುತ್ತಾ ಹೋದವು, ಆಟ ರಾಜ್ಯ ಆಳುವುದಕ್ಕೂ ಅಮರರಾಗುವುದಕ್ಕೂ ಏರಿತು. 1991ರಲ್ಲಿ ಆರನ್ ಆಲ್ಸ್‌ಟನ್ ಇಮ್ಮಾರ್ಟಲ್ಸ್ ಒಂದನ್ನು ಬಿಟ್ಟು ಉಳಿದವನ್ನು ‘ರೂಲ್ಸ್ ಸೈಕ್ಲೋಪೀಡಿಯ’ ಎಂಬ ಒಂದೇ ಸಂಪುಟಕ್ಕೆ ತಂದರು. ಮನೆಯಲ್ಲಿ ಒಂದೇ ಪುಸ್ತಕಕ್ಕೆ ಜಾಗ ಎನ್ನುವವರು ಅದನ್ನು ಕಣ್ಣುಮುಚ್ಚಿ ಆರಿಸಬಹುದು.

ಕೆಂಪು ಪೆಟ್ಟಿಗೆ ಹಲವು ಭಾಷೆಗಳಿಗೆ ಹೋಯಿತು. ಜಪಾನಿನ ಶಿನ್ವಾ ಸಂಸ್ಥೆ 1985ರಲ್ಲಿ ಅದನ್ನು ಜಪಾನಿ ಭಾಷೆಗೆ ತಂದಿತು. ಮರುವರ್ಷ ‘ಕಾಂಪ್ಟಿಕ್’ ಎಂಬ ಪತ್ರಿಕೆಯಲ್ಲಿ ಒಂದು ಗುಂಪು ತಾನು ಆಡಿದ ಆಟವನ್ನು ಸಂಭಾಷಣೆಯ ರೂಪದಲ್ಲೇ ಅಚ್ಚಿಗೆ ಕೊಡತೊಡಗಿತು. ಅದರಿಂದ ಹುಟ್ಟಿದ್ದು ರ್ಯೋ ಮಿಜುನೊ ಅವರ ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಕಾದಂಬರಿಗಳು, ಅವುಗಳಿಂದ ಅನಿಮೆ, ಅಲ್ಲಿಂದ ಜಪಾನಿನ ಒಂದು ಇಡೀ ಕಥಾಪರಂಪರೆ. ಆಟವೊಂದು ಭಾಷೆಯೊಳಗೆ ಬಂದರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕನ್ನಡಕ್ಕೆ ಆ ಬಾಗಿಲು ಇನ್ನೂ ತೆರೆಯಬೇಕಿದೆ.

ಈಗ ಇನ್ನೊಂದು ಕವಲು. ‘ಅಡ್ವಾನ್ಸ್ಡ್’ ಆವೃತ್ತಿಯ ಮೂರು ಗಟ್ಟಿ ರಟ್ಟಿನ ಪುಸ್ತಕಗಳು 1977, 1978, 1979ರಲ್ಲಿ ಒಂದೊಂದಾಗಿ ಬಂದವು: ‘ಮಾನ್‌ಸ್ಟರ್ ಮ್ಯಾನ್ಯುಅಲ್’, ‘ಪ್ಲೇಯರ್ಸ್ ಹ್ಯಾಂಡ್‌ಬುಕ್’, ‘ಡಂಜನ್ ಮಾಸ್ಟರ್ಸ್ ಗೈಡ್’. ಕೊನೆಯದು ಈ ಆಟದ ಇತಿಹಾಸದಲ್ಲೇ ಓದಲು ಅತ್ಯಂತ ಸ್ವಾರಸ್ಯದ ಪುಸ್ತಕ. ಗೈಗ್ಯಾಕ್ಸ್ ಅದರಲ್ಲಿ ಕೋಟೆ ಕಟ್ಟಿಸುವ ಖರ್ಚು, ರೋಗಗಳ ಪಟ್ಟಿ, ರತ್ನಗಳ ಗುಣ, ತಾವು ಓದಿ ಬೆಳೆದ ಕಾದಂಬರಿಗಳ ಹೆಸರು, ಎಲ್ಲವನ್ನೂ ತುಂಬಿಟ್ಟಿದ್ದಾರೆ. ನಿಯಮ ಹುಡುಕಲು ಹೋದವರು ಮತ್ತೇನೋ ಓದುತ್ತಾ ಕೂರುತ್ತಾರೆ. ಆದರೆ ಆಡುವಾಗ ಈ ಆವೃತ್ತಿ ಭಾರ. ಯಾವ ಆಯುಧ ಯಾವ ಕವಚದ ಮೇಲೆ ಎಷ್ಟು ನಾಟುತ್ತದೆಂಬ ಕೋಷ್ಟಕವನ್ನು ಬಳಸಿದವರಿಗಿಂತ ಬಿಟ್ಟವರೇ ಹೆಚ್ಚು. ಯಾರ ಪೆಟ್ಟು ಮೊದಲು ಎಂಬ ಸರಳ ಪ್ರಶ್ನೆಗೆ ಪುಸ್ತಕದ ಉತ್ತರವೇನು ಎಂದು ಅಭಿಮಾನಿಗಳು ಇಂದಿಗೂ ಚರ್ಚಿಸುತ್ತಾರೆ. ನನ್ನ ಸಲಹೆ: ಮೇಜಿನ ಮೇಲೆ ಬೇಸಿಕ್ ಇರಲಿ, ಡಿಎಂ ಮಲಗುವ ಮುನ್ನ ಓದಲು ಇದು ಇರಲಿ.

ನಮ್ಮವರಿಗೆ ಈ ಆವೃತ್ತಿಯಲ್ಲಿ ಬೇರೊಂದು ಕುತೂಹಲವೂ ಉಂಟು. ‘ಮಾನ್‌ಸ್ಟರ್ ಮ್ಯಾನ್ಯುಅಲ್’ ತೆರೆದರೆ ನಾಗಗಳಿವೆ, ರಾಕ್ಷಸನೂ ಇದ್ದಾನೆ. ಡೇವಿಡ್ ಟ್ರ್ಯಾಂಪಿಯರ್ ಬಿಡಿಸಿದ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆಯ ಕೊಳವೆ. ಎದುರಿನವರು ನಂಬುವ ರೂಪವನ್ನೇ ತಾಳಿ ಬರುತ್ತಾನೆ. ಅರ್ಚಕ ಮಂತ್ರಿಸಿಕೊಟ್ಟ ಅಡ್ಡಬಿಲ್ಲಿನ ಬಾಣ ಒಂದು ತಾಗಿದರೆ ಸಾಯುತ್ತಾನೆ. ಗೈಗ್ಯಾಕ್ಸ್ ಇದನ್ನು ಪಡೆದದ್ದು 1974ರ ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ಎಂಬ ಅಮೆರಿಕನ್ ಟೀವಿ ಧಾರಾವಾಹಿಯ ಒಂದು ಕಂತಿನಿಂದ. ರೂಪ ಬದಲಿಸಿ ನಂಬಿಸುವ ಗುಣ ಮಾರೀಚನನ್ನು ಬಲ್ಲವರಿಗೆ ಹೊಸದಲ್ಲ. ಹುಲಿಯ ತಲೆ ಮಾತ್ರ ಆ ಚಿತ್ರದ್ದೇ. ನಮ್ಮ ರಾಕ್ಷಸ ಎಂದರೆ ಯಕ್ಷಗಾನದ ಬಣ್ಣದ ವೇಷ: ಮುಖದ ತುಂಬ ಚುಟ್ಟಿ, ತೆರೆಯ ಹಿಂದಿನಿಂದ ಮೊದಲು ಕೇಳುವ ಆರ್ಭಟ. ಮೇಜಿನ ಮೇಲೆ ಆ ಆರ್ಭಟವನ್ನು ಮೊದಲು ಕೇಳಿಸಿ, ರೂಪವನ್ನು ಆಮೇಲೆ ತೋರಿಸಿ ನೋಡಿ. ಪುಸ್ತಕದ ರಾಕ್ಷಸನಿಗೂ ಜೀವ ಬರುತ್ತದೆ.

1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಇನ್ನೂ ಮುಂದೆ ಹೋಯಿತು. ಗ್ರೀಕ್, ಈಜಿಪ್ಟ್, ನಾರ್ಸ್ ದೇವತೆಗಳ ಸಾಲಿನಲ್ಲಿ ಭಾರತದ್ದೂ ಒಂದು ಅಧ್ಯಾಯ. ಇಂದ್ರ, ಅಗ್ನಿ, ವರುಣ, ಯಮ, ಕಾರ್ತಿಕೇಯ, ವಿಷ್ಣು ಎಲ್ಲರಿಗೂ ಜೀವಬಲದ ಅಂಕಿ, ಕವಚದ ಅಂಕಿ. ಹೊರಗಿನವರು ಗ್ರಂಥಾಲಯದ ಪುಸ್ತಕ ನೋಡಿ ಅವಸರದಲ್ಲಿ ಬರೆದದ್ದೆಂದು ಗೊತ್ತಾಗುತ್ತದೆ. ನಾನು ಆ ಅಧ್ಯಾಯವನ್ನು ಬಳಸುವುದಿಲ್ಲ, ಬಳಸಬೇಡಿ ಎಂದೇ ಹೇಳುತ್ತೇನೆ. ಪೂಜೆ ಪಡೆಯುತ್ತಿರುವ ದೇವರನ್ನು ಹೊಡೆದು ಬೀಳಿಸಬಹುದಾದ ಎದುರಾಳಿಯಾಗಿ ಬರೆಯುವುದು ಭಕ್ತಿಗೂ ಹೊಂದದು, ಕಥೆಗೂ ಹೊಂದದು. ನಮ್ಮ ಕಥೆಗಳಲ್ಲಿ ದೇವರು ಬರುವುದು ವರ ಕೊಡಲು, ಶಾಪ ಕೊಡಲು, ಪರೀಕ್ಷಿಸಲು. ಆ ಮೂರಕ್ಕೂ ಅಂಕಿ ಬೇಕಿಲ್ಲ.

ಅಡ್ವಾನ್ಸ್ಡ್‌ನ ಎರಡನೆಯ ಆವೃತ್ತಿ 1989ರಲ್ಲಿ ಡೇವಿಡ್ ಕುಕ್ ನೇತೃತ್ವದಲ್ಲಿ ಬಂತು. ಅಷ್ಟರಲ್ಲಿ ಗೈಗ್ಯಾಕ್ಸ್ ತಮ್ಮದೇ ಸಂಸ್ಥೆಯಿಂದ ಹೊರಬಿದ್ದಿದ್ದರು. ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಕಡೆಗೆ ಒಯ್ಯುತ್ತದೆ ಎಂಬ ಹುಯಿಲು ಎದ್ದಿತ್ತು. ಅದಕ್ಕೆ ಬೆದರಿ ಡೀಮನ್, ಡೆವಿಲ್ ಎಂಬ ಹೆಸರುಗಳನ್ನೇ ಪುಸ್ತಕದಿಂದ ತೆಗೆದರು. ಆಮೇಲೆ ಅವೇ ‘ತನಾರಿ’, ‘ಬಾಟೆಜು’ ಎಂಬ ಹೊಸ ಹೆಸರಿನಲ್ಲಿ ಮರಳಿದವು. ನಿಯಮಗಳು ಮೊದಲಿಗಿಂತ ಅಚ್ಚುಕಟ್ಟು. ಆದರೆ ‘ಥ್ಯಾಕೋ’ ಎಂಬ ಲೆಕ್ಕ ಹೊಸಬರನ್ನು ಹೆದರಿಸಿತು. ಕವಚದ ಅಂಕಿ ಇಳಿದಷ್ಟೂ ಒಳ್ಳೆಯದು, ಸೊನ್ನೆಯ ಕವಚಕ್ಕೆ ಪೆಟ್ಟು ತಾಗಲು ಬೇಕಾದ ಅಂಕದಿಂದ ಎದುರಾಳಿಯ ಕವಚದ ಅಂಕಿ ಕಳೆಯಬೇಕು. ಬರೀ ಕಳೆಯುವ ಲೆಕ್ಕ, ಆದರೂ ಗಡಿಬಿಡಿಯಲ್ಲಿ ತಪ್ಪುತ್ತದೆ. ‘ಬಾಲ್ಡರ್ಸ್ ಗೇಟ್’ ಆಡಿದವರ ಪರವಾಗಿ ಅದನ್ನು ಕಂಪ್ಯೂಟರ್ ಮಾಡುತ್ತಿತ್ತು. ಹಾಗಾಗಿ ಬೆಂಗಳೂರಿನಲ್ಲಿ ಎರಡನೆಯ ಆವೃತ್ತಿಯನ್ನು ಪ್ರೀತಿಸುವ ಬಹಳ ಮಂದಿ ಅದನ್ನು ಮೇಜಿನ ಮೇಲೆ ಆಡಿದವರೇ ಅಲ್ಲ.

ಅದರ ನಿಜವಾದ ಸಂಪತ್ತು ಲೋಕಗಳು. ನೀರಿಲ್ಲದೆ ಬೆಂದ ‘ಡಾರ್ಕ್ ಸನ್’ (1991), ಲೋಕಗಳ ನಡುವಣ ನಗರದ ‘ಪ್ಲೇನ್‌ಸ್ಕೇಪ್’ (1994), ಅರಬ್ಬೀ ಕಥೆಗಳ ನೆರಳಿನ ‘ಅಲ್-ಕದಿಂ’ (1992). ಇಷ್ಟು ಧಾರಾಳವಾದ ಕಲ್ಪನೆ ಆಮೇಲೆ ಮತ್ತೆ ಕಾಣಲಿಲ್ಲ. ನಿಯಮ ಬಿಟ್ಟು ಲೋಕವನ್ನಷ್ಟೇ ಎತ್ತಿಕೊಳ್ಳಲು ಅಡ್ಡಿಯಿಲ್ಲ, ಹಾಗೆ ಮಾಡುವವರು ಬಹಳ. ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ತಂದು ಟಿಎಸ್‌ಆರ್ ಮುಳುಗುವ ಹಂತ ಮುಟ್ಟಿತು. 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಅದನ್ನು ಕೊಂಡಿತು. ಎರಡು ವರ್ಷದ ಮೇಲೆ ಹ್ಯಾಸ್‌ಬ್ರೋ ವಿಜರ್ಡ್ಸ್ ಅನ್ನೇ ಕೊಂಡಿತು.

ಮೂರನೆಯ ಆವೃತ್ತಿ (2000) ಮತ್ತು ಅದರ ತಿದ್ದುಪಡಿಯಾದ 3.5 (2003) ಈಗ ಹಳೆಯವುಗಳ ಸಾಲಿಗೆ ಸೇರಿವೆ. ಇಪ್ಪತ್ತು ಮುಖದ ದಾಳಕ್ಕೆ ಅಂಕ ಕೂಡಿಸಿ ಗುರಿ ಮುಟ್ಟಿತೇ ನೋಡುವುದು, ಎಲ್ಲಕ್ಕೂ ಅದೊಂದೇ ಕ್ರಮ. ಇಂಜಿನಿಯರುಗಳ ಈ ಊರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪಾತ್ರವನ್ನು ತುಣುಕು ತುಣುಕಾಗಿ ಜೋಡಿಸಿ, ಯಾವ ಜೋಡಣೆ ಬಲವಾದದ್ದೆಂದು ಹುಡುಕುವ ಆನಂದವೇ ಬೇರೆ. ಆದರೆ ಆ ಆನಂದ ಆಟದ ದಿನದ್ದಲ್ಲ, ಆಟವಿಲ್ಲದ ದಿನಗಳದ್ದು. ಹತ್ತನೆಯ ಹಂತ ದಾಟಿದ ಮೇಲೆ ಒಂದು ಕಾದಾಟಕ್ಕೆ ಇಡೀ ಸಂಜೆ ಹೋಗುತ್ತದೆ. ನಾಲ್ಕನೆಯದರ (2008) ಬಗ್ಗೆ ಹೆಚ್ಚು ಹೇಳಲಾರೆ. ಚೌಕಗಳ ಮೇಲೆ ಗೊಂಬೆ ನಡೆಸುವ ಒಳ್ಳೆಯ ಕಾದಾಟದ ಆಟ, ಅದನ್ನೇ ಬಯಸುವವರಿಗೆ ಅದು ಸರಿ.

ಮೂರನೆಯ ಆವೃತ್ತಿಯ ಜೊತೆ ಬಂದ ಮುಕ್ತ ಪರವಾನಗಿ ಹಳೆಯ ಆವೃತ್ತಿಗಳನ್ನು ಉಳಿಸಿತು. ಅದರ ಆಧಾರದ ಮೇಲೆ ಹಳೆಯ ನಿಯಮಗಳನ್ನು ಹೊಸ ಮಾತಿನಲ್ಲಿ ಬರೆದು ಹೊರತರುವುದು ಸಾಧ್ಯವಾಯಿತು. ಅಡ್ವಾನ್ಸ್ಡ್‌ಗೆ 2006ರ ‘ಓಸ್ರಿಕ್’, ಬೇಸಿಕ್‌ಗೆ 2007ರ ‘ಲ್ಯಾಬಿರಿಂತ್ ಲಾರ್ಡ್’, 1974ರ ಮೂರು ಪುಸ್ತಕಗಳಿಗೆ 2008ರ ‘ಸ್ವೋರ್ಡ್ಸ್ ಅಂಡ್ ವಿಜರ್ಡ್ರಿ’. 2019ರಲ್ಲಿ ಗ್ಯಾವಿನ್ ನಾರ್ಮನ್ 1981ರ ನಿಯಮಗಳನ್ನು ‘ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್’ ಹೆಸರಿನಲ್ಲಿ ಎಷ್ಟು ಚೊಕ್ಕವಾಗಿ ಜೋಡಿಸಿದರೆಂದರೆ, ಬೇಕಾದ ನಿಯಮ ಬೇಕಾದ ಪುಟದಲ್ಲೇ ಕಣ್ಣಿಗೆ ಬೀಳುತ್ತದೆ. ಮೂಲ ಪುಸ್ತಕಗಳನ್ನೂ ವಿಜರ್ಡ್ಸ್ 2013ರಿಂದ ಪಿಡಿಎಫ್ ರೂಪದಲ್ಲಿ ಮತ್ತೆ ಮಾರುತ್ತಿದೆ. ಹಳೆಯ ಪೆಟ್ಟಿಗೆಯನ್ನು ಅಮೆರಿಕದಿಂದ ತರಿಸಿ ಸಾಗಣೆ, ಸುಂಕ ಕಟ್ಟುವ ಅಗತ್ಯವಿಲ್ಲ.

ಬೆಂಗಳೂರಿನ ದಿನಚರಿಗೆ ಹಳೆಯ ಆಟ ಹೊಂದುವ ಇನ್ನೊಂದು ಕಾರಣವಿದೆ. ಹೊಸ ಆವೃತ್ತಿಗಳ ದೊಡ್ಡ ಕಥೆಗೆ ಅದೇ ಐದು ಜನ ಪ್ರತಿ ವಾರ ಬರಬೇಕು. ಇಲ್ಲಿ ಅದು ಆಗದ ಮಾತು. ಒಬ್ಬರಿಗೆ ರಾತ್ರಿ ಪಾಳಿ, ಒಬ್ಬರಿಗೆ ಅಮೆರಿಕದ ಕರೆ, ಒಬ್ಬರು ಊರಿಗೆ ಹೋಗಿದ್ದಾರೆ, ಇನ್ನೊಬ್ಬರು ಸಿಲ್ಕ್ ಬೋರ್ಡ್‌ನ ವಾಹನಸಂದಣಿ ದಾಟಿಲ್ಲ. ಲೇಕ್ ಜಿನೀವಾದಲ್ಲೂ ಮಿನೆಸೋಟದಲ್ಲೂ ಮೊದಲಿಗರು ಆಡಿದ್ದು ಬಂದವರನ್ನು ಕೂರಿಸಿಕೊಂಡೇ. ಒಂದೇ ಕೋಟೆ, ಒಂದೇ ಸುರಂಗ, ಈ ವಾರ ಯಾರು ಬಂದರೋ ಅವರು ಇಳಿದು ಸಂಜೆಯೊಳಗೆ ಮೇಲೆ ಬರುತ್ತಾರೆ. ಬಾರದವರ ಪಾತ್ರ ಊರಿನಲ್ಲೇ ಉಳಿಯುತ್ತದೆ. ಹೊಸಬರು ಬಂದರೆ ಕಾಫಿ ಬರುವಷ್ಟರಲ್ಲಿ ಅವರ ಪಾತ್ರ ಸಿದ್ಧ. ಡಿಎಂ ಮಾಡಬೇಕಾದದ್ದು ದಿನಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಡುವುದು.

ಕನ್ನಡದ ಬಾಗಿಲನ್ನು ತೆರೆಯಲು ಕಾನೂನಿನ ಅಡ್ಡಿಯೂ ಈಗಿಲ್ಲ. 2023ರ ಜನವರಿಯಲ್ಲಿ ವಿಜರ್ಡ್ಸ್ ಆ ಹಳೆಯ ಮುಕ್ತ ಪರವಾನಗಿಯನ್ನು ರದ್ದು ಮಾಡಲು ಹೊರಟು, ಆಟಗಾರರ ಸಿಟ್ಟಿಗೆ ಮಣಿಯಿತು. ಐದನೆಯ ಆವೃತ್ತಿಯ ಮೂಲ ನಿಯಮಗಳನ್ನೇ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷ, 1981ರ ಆಟಕ್ಕೆ ಬಹಳ ಹತ್ತಿರವಾದ ಕ್ರಿಸ್ ಗೊನರ್ಮನ್ ಅವರ ‘ಬೇಸಿಕ್ ಫ್ಯಾಂಟಸಿ’ಯ ನಾಲ್ಕನೆಯ ಆವೃತ್ತಿಯೂ ಕ್ರಿಯೇಟಿವ್ ಕಾಮನ್ಸ್‌ಗೆ ಬಂತು. ಅದರ ಪಿಡಿಎಫ್ ಉಚಿತ. ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಅನುವಾದಿಸಬಹುದು. ಪೂರ್ತಿ ಪುಸ್ತಕ ಬೇಕಿಲ್ಲ. ಪಾತ್ರ ಹುಟ್ಟಿಸುವ ಪುಟಗಳು, ಮೊದಲ ಮೂರು ಹಂತದ ಮಂತ್ರಗಳು, ಕಾದಾಟದ ನಿಯಮ, ಇಪ್ಪತ್ತು ಮೂವತ್ತು ಎದುರಾಳಿಗಳು ಇಷ್ಟು ಕನ್ನಡದಲ್ಲಿ ಬಂದರೆ ಶಾಲೆಯ ಮಕ್ಕಳೂ ಆಡಬಲ್ಲರು.

ಆಟದಲ್ಲಿ ಇಳಿಯುವ ಸುರಂಗಕ್ಕೆ ಜಾಗ ಹುಡುಕಲು ಪರದೇಶದ ನಕ್ಷೆ ಬೇಕಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಪಕ್ಕದಲ್ಲೇ ಚಂದ್ರವಳ್ಳಿಯಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದ ಜಾಗ ಅದು, ಕದಂಬ ಮಯೂರಶರ್ಮನ ಶಾಸನವಿರುವ ಜಾಗ. ಅಲ್ಲಿನ ಅಂಕಲಿ ಮಠದ ಗವಿಗಳಲ್ಲಿ ಮೆಟ್ಟಿಲಿಳಿದರೆ ಬಂಡೆಯಡಿ ಕೋಣೆಯಿಂದ ಕೋಣೆಗೆ ಇಕ್ಕಟ್ಟಿನ ದಾರಿ, ಹಗಲಲ್ಲೂ ದೀಪ ಬೇಕಾದ ಕತ್ತಲೆ. ಒಮ್ಮೆ ಹೋಗಿ ಬಂದವರು ಮನೆಗೆ ಬಂದು ಚೌಕದ ಹಾಳೆಯ ಮೇಲೆ ನೆನಪಿನಿಂದ ಅದನ್ನು ಬಿಡಿಸಿಕೊಳ್ಳಲಿ. ಕೋಣೆಗಳಿಗೆ ಅಂಕಿ ಹಾಕಲಿ, ಮೂರರಲ್ಲಿ ಒಂದು ಕೋಣೆ ಖಾಲಿಯಿರಲಿ, ಒಂದರಲ್ಲಿ ಹೊನ್ನಿರಲಿ, ಒಂದರಲ್ಲಿ ಮಾತಿಗೆ ಸಿಗುವ ಯಾರಾದರೂ ಇರಲಿ. ಮೊದಲ ಭಾನುವಾರಕ್ಕೆ ಅಷ್ಟು ಸಾಕು.